ಬಸ್‌ಸ್ಟ್ಯಾಂಡ್ ಇಲ್ಲದ ಮದುವೆ

ಜೇವರ್ಗಿಯ ವಾಮನ ಮಾಸ್ತರರ ಪಡಸಾಲೆಯಲ್ಲಿ ಅವರ ಮದುವೆಯ ಫೋಟೋ ಇಪ್ಪತ್ತೇಳು ವರ್ಷಗಳಿಂದ ಮೊಳೆಗೆ ಜೋತುಬಿದ್ದಿದೆ. ನಡುವೆ ಬಾಸಿಂಗ ಕಟ್ಟಿಕೊಂಡ ಮಾಸ್ತರರು, ಬದಿಗೆ ವಂದನಾಬಾಯಿ, ಸುತ್ತ ನಾಲ್ವತ್ತು ಮಂದಿ ನೆಂಟರು. ಫೋಟೋಕ್ಕೆ ದೋಷ ಒಂದೇ: ಒಬ್ಬರೂ ಕ್ಯಾಮೆರಾ ಕಡೆ ನೋಡುತ್ತಿಲ್ಲ. ಮದುಮಗ, ಮದುಮಗಳು, ಭಟ್ಟರು, ಅಷ್ಟೇಕೆ, ಯಾರದೋ ಕಂಕುಳಲ್ಲಿದ್ದ ಕೂಸು ಸಹ ಕತ್ತು ಎಡಕ್ಕೆ ತಿರುಗಿಸಿ ಚೌಕಟ್ಟಿನಾಚೆ ಏನನ್ನೋ ನೋಡುತ್ತಿದೆ.

ಆಚೆ ಇದ್ದದ್ದು ಗಾಣಗಾಪುರದ ಬಸ್‌ಸ್ಟ್ಯಾಂಡು. ವಂದನಾಬಾಯಿಯ ಅಣ್ಣ ಗುಂಡೇರಾಯರು ಆ ಗಳಿಗೆಯಲ್ಲಿ ಸಿಟ್ಟು ಮಾಡಿಕೊಂಡು ಅತ್ತ ಹೊರಟಿದ್ದರು. (ಕಾರಣ: ಅವರ ಹೋಳಿಗೆಯ ಮೇಲೆ ತುಪ್ಪ ಬೀಳುವ ಮೊದಲೇ ಪಕ್ಕದವರ ಹೋಳಿಗೆಯ ಮೇಲೆ ಬಿದ್ದಿತ್ತು.) ಫೋಟೋ ತೆಗೆದ ಅಫಜಲಪುರದ ಲಾಲಸಾಬರ ರೀಲಿನಲ್ಲಿ ಉಳಿದಿದ್ದದ್ದು ಅದೊಂದೇ ಫಿಲ್ಮು. ಹೀಗಾಗಿ ಮಾಸ್ತರರ ದಾಂಪತ್ಯದ ಏಕೈಕ ದಾಖಲೆಯಲ್ಲಿ ಎಲ್ಲರೂ ಇದ್ದಾರೆ, ಎಲ್ಲರ ಕಣ್ಣಿನಲ್ಲಿ ಗುಂಡೇರಾಯರು ಇದ್ದಾರೆ.

ಗುಂಡೇರಾಯರು ಆಳಂದದ ಮುನಿಸಿಪಾಲ್ಟಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಪಾಲ್ಟಿ ಬಿಟ್ಟರೂ ಮುನಿಸು ಬಿಟ್ಟಿರಲಿಲ್ಲ. ನಮ್ಮ ಕಡೆ ಮದುವೆ ಅಂದಮೇಲೆ ಒಬ್ಬರಾದರೂ ಸಿಟ್ಟಿಗೇಳಬೇಕು, ನಾಲ್ವರು ಹೋಗಿ ರಮಿಸಿ ಕರೆತರಬೇಕು; ಇಲ್ಲದಿದ್ದರೆ ಊಟದಲ್ಲಿ ಉಪ್ಪಿನಕಾಯಿ ಮರೆತಂತೆ. ಆದರೆ ಗುಂಡೇರಾಯರದು ಕಾಟಾಚಾರದ ಸಿಟ್ಟಲ್ಲ, ಶಾಸ್ತ್ರೋಕ್ತ ಸಿಟ್ಟು. ಭೂಸನೂರಿನ ಮುಂಜಿವೆಯಲ್ಲಿ ಬಸ್‌ಸ್ಟ್ಯಾಂಡಿನ ಕಬ್ಬಿನ ಲಾರಿಗಳ ಸಾಲಿನಲ್ಲಿ ಹೋಗಿ ಕೂತಿದ್ದರು. ಇಜೇರಿಯ ಸೀಮಂತದಲ್ಲಿ ಬಸ್ ಬರುವ ತನಕ ಬೇವಿನ ಗಿಡದ ಕಟ್ಟೆಯ ಮೇಲೆ ಪದ್ಮಾಸನ ಹಾಕಿದ್ದರು. ಹನ್ನೊಂದು ಶುಭಕಾರ್ಯ, ಹನ್ನೊಂದು ಸಿಟ್ಟು. ಒಂದೂ ತಪ್ಪಿಲ್ಲ.

ಹೀಗಿರುವಾಗ ಮಾಸ್ತರರ ಮಗಳು ಅಮಿತಾಳ ಮದುವೆ ಗೊತ್ತಾಯಿತು. ವರ ಸಂಕೇತ, ಆಳಂದದ ಹುಡುಗ, ದಂತವೈದ್ಯ. ಮದುವೆಯಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅಮಿತಾಳಿಗೆ ಇರುವ ಸೋದರಮಾವ ಗುಂಡೇರಾಯರೊಬ್ಬರೇ. ಅವರು ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಹುಡುಗಿ ಕೋಣೆಯಲ್ಲಿ, ಮುಹೂರ್ತ ಗಡಿಯಾರದಲ್ಲಿ. ಮಾಸ್ತರರ ನಿದ್ದೆ ಹಾರಿಹೋಯಿತು. ಅವರಿಗೆ ಬೇಕಾಗಿದ್ದದ್ದು ಬಹಳವೇನಲ್ಲ: ಎಲ್ಲರೂ ಕ್ಯಾಮೆರಾ ಕಡೆ ನೋಡುವ ಒಂದೇ ಒಂದು ಮದುವೆಯ ಫೋಟೋ.

ಉಪಾಯ ಹೊಳೆದದ್ದು ಏಳನೇ ಇಯತ್ತೆಯ ತರಗತಿಯಲ್ಲಿ. ಮಾಸ್ತರರು ಭೂಗೋಳದವರು. ಇಪ್ಪತ್ತೊಂಬತ್ತು ವರ್ಷಗಳಿಂದ ಹೇಳಿದ್ದನ್ನೇ ಹಲಗೆಯ ಮೇಲೆ ಬರೆಯುತ್ತಿದ್ದರು: ಸುತ್ತಲೂ ನೀರಿನಿಂದ ಆವರಿಸಲ್ಪಟ್ಟ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ. ಬರೆದವರು ಅಲ್ಲೇ ನಿಂತರು. ಸೀಮೆಸುಣ್ಣ ಕೈಯಿಂದ ಜಾರಿತು. ಸುತ್ತಲೂ ನೀರು ಅಂದರೆ ಬಸ್‌ಸ್ಟ್ಯಾಂಡ್ ಇಲ್ಲ. ಸಿಟ್ಟಾದ ಮನುಷ್ಯ ಹೋಗುವುದಾದರೂ ಎಲ್ಲಿಗೆ? (ಮಾಸ್ತರರು ಅಲ್ಲಿಯ ತನಕ ಸಮುದ್ರವನ್ನು ನಕಾಶೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ನ್ಯಾಯ.)

ಹೀಗೆ ಅಂಡಮಾನದ ಮದುವೆ ನಿಶ್ಚಯವಾಯಿತು. ಊರೆಲ್ಲ ಇದು ಹುಡುಗಿಯ ಹಟ ಎಂದುಕೊಂಡಿತು. ಪಾಪ, ಅಮಿತಾಳು ರಿಜಿಸ್ಟರ್ ಮಾಡಿಸಿ ನಾಲ್ಕು ಮಂದಿಗೆ ಊಟ ಹಾಕಿದರೆ ಸಾಕು ಎಂದಿದ್ದಳು. "ಈಗಿನ ಹುಡುಗ್ಯಾರು ಅಂದ್ರ ಹಂಗೇ ಬಿಡ್ರಿ ಮಾಸ್ತರ" ಎಂದು ಮಂದಿ ಮರುಗಿದಾಗ ಮಾಸ್ತರರು ನಿಟ್ಟುಸಿರು ಬಿಟ್ಟು ಆ ಮರುಕವನ್ನು ಸ್ವೀಕರಿಸುತ್ತಿದ್ದರು. ಮನೆಯೊಳಗೆ ಮಾತ್ರ ಯಾರೂ ಮರುಗಲಿಲ್ಲ.

"ನಮ್ಮಣ್ಣನ ಸಲುವಾಗಿ ಸಮುದ್ರ ಹುಡಿಕ್ಯಾಡಿದವರು ನೀವೊಬ್ಬರೇ" ಎಂದರು ವಂದನಾಬಾಯಿ.

ಮಾಸ್ತರರ ತಾಯಿ ಮಥುರಾಬಾಯಿಗೆ ಎಂಬತ್ತೊಂದು. ಕಿವಿ ಮಂದ, ನಾಲಿಗೆ ಚುರುಕು. "ಬ್ರಿಟಿಷರು ಕಳ್ಳರನ್ನ ಕರಿನೀರಿಗೆ ಕಳಸ್ತಿದ್ರು, ನೀ ಬೀಗರನ್ನ ಕಳಸಾಕತ್ತಿ" ಎಂದರು. ಬೀಚಿನ ಚಿತ್ರಗಳನ್ನು ಮೊಮ್ಮಗಳ ಮೊಬೈಲಿನಲ್ಲಿ ನೋಡಿದ ಮೇಲಂತೂ, "ಬೀಚು ಅಂತ ಯಾಕ ಅಂತಾರ ಈಗ ತಿಳೀತು, ಎಲ್ಲಾರೂ ಬಿಚ್ಚಿಕೊಂಡೇ ನಿಂತಾರ" ಎಂದು ತೀರ್ಪು ಕೊಟ್ಟು, ತಮ್ಮ ಒಂಬತ್ತು ಗಜದ ಸೀರೆಗಳನ್ನು ಎರಡು ಹೆಚ್ಚಿಗೆ ಇಟ್ಟುಕೊಂಡರು.

ಫೋಟೋಕ್ಕೆ ಲಾಲಸಾಬರ ಮಗ ಅರ್ಫಾತನನ್ನೇ ಗೊತ್ತು ಮಾಡಿದರು. ಅವನೂ ಅಫಜಲಪುರದಲ್ಲಿ ಸ್ಟುಡಿಯೋ ಇಟ್ಟವನು. ಗಾಣಗಾಪುರದ ಆ ಫೋಟೋದ ಕಥೆ ಅವನಿಗೂ ಬಾಯಿಪಾಠ. "ಅಬ್ಬಾನ ಹತ್ರ ಒಂದ ಫಿಲ್ಮ್ ಇತ್ತು ಮಾಸ್ತರ. ನನ್ನ ಹತ್ರ ಹತ್ತು ಸಾವಿರ ಫೋಟೋ ಹಿಡಿಯೋ ಕಾರ್ಡ್ ಅದ. ಫಿಕರ್ ಬಿಡ್ರಿ" ಎಂದು ಎದೆ ಮುಟ್ಟಿಕೊಂಡು ಮಾತು ಕೊಟ್ಟ.

ರೈಲು, ವಿಮಾನ, ದೋಣಿ ಎಲ್ಲ ದಾಟಿ ಮೂವತ್ತೆಂಟು ಮಂದಿ ನಡುಗಡ್ಡೆ ತಲುಪಿದರು. ಮಾಸ್ತರರು ಇಳಿದವರೇ ಸಮುದ್ರದ ಕಡೆ ನೋಡಲಿಲ್ಲ, ದೋಣಿಯ ವೇಳಾಪಟ್ಟಿ ನೋಡಿದರು. ಮೂರು ಗಂಟೆಗೆ ಕೊನೆಯ ದೋಣಿ. ಅದು ಹೋಯಿತೆಂದರೆ ಮರುದಿನ ಬೆಳಿಗ್ಗೆಯೇ. ರಿಸಾರ್ಟಿನ ಮ್ಯಾನೇಜರು ಇನ್ನೊಂದು ಚೀಟಿ ಕೊಡಲು ಬಂದ. ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬ ಪಟ್ಟಿ. ಇಪ್ಪತ್ತೊಂಬತ್ತು ವರ್ಷ ಉಬ್ಬರವಿಳಿತ ಕಲಿಸಿದವರಿಗೆ ಹೋಟೆಲಿನವನು ಪಾಠ ಹೇಳುವುದೇ? ಮಾಸ್ತರರು ಅದನ್ನು ಓದದೆ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಸಾಲದ್ದಕ್ಕೆ ಗುಂಡೇರಾಯರಿಗೆ ಪಹರೆ. ಯಾರು ಎಷ್ಟೊತ್ತಿನಿಂದ ಎಷ್ಟೊತ್ತಿಗೆ ಅವರ ಪಕ್ಕದಲ್ಲಿರಬೇಕು ಎಂದು ಮಾಸ್ತರರು ಶಾಲೆಯ ವೇಳಾಪಟ್ಟಿಯಂತೆ ಪೀರಿಯಡ್ ಹಂಚಿದ್ದರು. ಒಬ್ಬರು ಎಳನೀರು ಕೊಟ್ಟರೆ ಇನ್ನೊಬ್ಬರು ಬೀಸಣಿಕೆ ಹಿಡಿದರು. ತುಪ್ಪ ಮೊದಲು ಅವರ ಎಲೆಗೇ ಬಿತ್ತು. ಮೊದಲ ದಿನ ಸಂಜೆ ಗುಂಡೇರಾಯರು ದೋಣಿ ಎಷ್ಟು ಗಂಟೆಗೆ ಎಂದು ಮೆಲ್ಲಗೆ ಕೇಳಿದ್ದುಂಟು. ನಾಳೆ ಎಂದರು ಮಾಸ್ತರರು. ಹೌದಾ ಎಂದು ಗುಂಡೇರಾಯರು ಇನ್ನೊಂದು ಎಳನೀರಿಗೆ ಕೈ ಚಾಚಿದರು. ಮಾಸ್ತರರಿಗೆ ಆ ರಾತ್ರಿ ಎಂಟು ತಾಸು ನಿದ್ದೆ.

ಮದುವೆ ನಿರ್ವಿಘ್ನವಾಗಿ, ಅಂದರೆ ಗುಂಡೇವಿಘ್ನವಿಲ್ಲದೆ ನಡೆಯಿತು. ಹುಡುಗಿಯನ್ನು ಹೊತ್ತು ತರುವುದು ಪದ್ಧತಿ, ಆದರೆ ಸೊಂಟ ನೋವು ಎಂದು ಹೇಳಿ ಗುಂಡೇರಾಯರು ಕೈಹಿಡಿದು ಕರೆತಂದರು. ಬಂದದ್ದೇ ದೊಡ್ಡದು. ಅಕ್ಷತೆ ಬಿತ್ತು. ಗಾಳಿಗೆ ಅರ್ಧ ಅಕ್ಷತೆ ಹಾಕಿದವರ ತಲೆಯ ಮೇಲೇ ಬಿತ್ತು, ಅದು ಬೇರೆ ಮಾತು. ಹೋಮದ ಬೆಂಕಿ ಆರದ ಹಾಗೆ ಮಾಸ್ತರರು ಚಾದರ ಬಿಚ್ಚಿ ಹಿಡಿದು ಗೋಡೆಯಾಗಿ ನಿಂತರು.

ಊಟವಾದ ಮೇಲೆ ಅರ್ಫಾತನ ಕ್ಯಾಮೆರಾದಲ್ಲಿ ಫೋಟೋಗಳನ್ನು ನೋಡಿದರು. ಎಲ್ಲ ಸೊಗಸಾಗಿ ಬಂದಿದ್ದವು. ಹೋಮದ ಫೋಟೋಗಳಲ್ಲಿ ಒಂದು ಚಾದರವಿತ್ತು, ಚಾದರದ ಎರಡು ತುದಿಗೆ ಹತ್ತು ಬೆರಳಿದ್ದವು. ಕನ್ಯಾದಾನದ ಫೋಟೋದಲ್ಲಿ ಗಾಳಿಗೆ ಶಲ್ಯ ಹಾರಿ ಮುಖದ ಮೇಲೆ ಬಿದ್ದ ಒಬ್ಬ ವ್ಯಕ್ತಿ ಮಗಳನ್ನು ಧಾರೆ ಎರೆಯುತ್ತಿದ್ದ.

"ಇಂವ ಯಾರು?" ಎಂದು ಮಥುರಾಬಾಯಿ ಕೇಳಿದರು. ಹೆತ್ತ ತಾಯಿ.

ಮಾಸ್ತರರು ನುಂಗಿಕೊಂಡರು. ಮುಖ್ಯವಾದದ್ದು ಇನ್ನೂ ಬಾಕಿ ಇತ್ತಲ್ಲ, ಎಲ್ಲರ ಒಟ್ಟಿನ ಫೋಟೋ. ನಾಲ್ಕು ಗಂಟೆಗೆ ಬಿಸಿಲು ಹೊನ್ನಾದಾಗ ಅರ್ಫಾತ ಮರಳಿನ ಮೇಲೆ ಕುರ್ಚಿ ಹಾಕಿಸಿ ಮಂದಿಯನ್ನು ಸಾಲು ಹಿಡಿಸಿದ. ನಡುವೆ ವಧೂವರರು. ಬಲಕ್ಕೆ ಹುಡುಗನ ತಂದೆತಾಯಿ, ಎಡಕ್ಕೆ ವಂದನಾಬಾಯಿ, ಅವರ ಪಕ್ಕದ ಕುರ್ಚಿ ಮಾಸ್ತರರದು. ಕೂಡಬೇಕು, ಅಷ್ಟರಲ್ಲಿ ಅರ್ಫಾತ ಬಂದು ಬೆಳ್ಳಿಬಣ್ಣದ ದೊಡ್ಡ ತಗಡಿನಂಥದ್ದನ್ನು ಅವರ ಕೈಗಿಟ್ಟ. ಮುಖಗಳ ಮೇಲೆ ಬೆಳಕು ಬೀಳಿಸುವ ಸಾಮಾನದು. ಎರಡೇ ನಿಮಿಷ, ಬೆಳಕು ಹೊಂದಿಸಿ ನೋಡುತ್ತೇನೆ, ಆಮೇಲೆ ನೀವು ಕೂಡ್ರಿ ಎಂದ. ಮಾಸ್ತರರು ಹಿಡಿದು ನಿಂತರು.

ನೋಡುತ್ತಾರೆ, ಖಾಲಿ ಕುರ್ಚಿಯಲ್ಲಿ ಗುಂಡೇರಾಯರು ಬಂದು ಕೂತಿದ್ದಾರೆ. ಮೂವತ್ತಾರೂ ಮಂದಿ ಕ್ಯಾಮೆರಾ ಕಡೆಯೇ ನೋಡುತ್ತಿದ್ದಾರೆ. ಇಪ್ಪತ್ತೇಳು ವರ್ಷ ಕಂಡ ಕನಸು ಕಣ್ಣೆದುರಿಗಿತ್ತು, ಮತ್ತು ಮಾಸ್ತರರು ಅದರ ಹೊರಗಿದ್ದರು.

ಆಗ ಗುಂಡೇರಾಯರು ಮಾಸ್ತರರ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಹೇಳಿದರು: "ವಾಮನರಾವ, ಸ್ವಲ್ಪ ಬೆಳಕು ನನ್ನ ಕಡೆ ತಿರಗಸ್ರಿ."

ಮಾಸ್ತರರು ಆ ತಗಡನ್ನು ಮರಳಿನ ಮೇಲೆ ಮೆಲ್ಲಗೆ ಮಲಗಿಸಿದರು. ಹೆಗಲ ಶಲ್ಯ ಝಾಡಿಸಿದರು. ನೀರಿನ ಕಡೆ ನಡೆದುಬಿಟ್ಟರು.

ದಂಡೆಯಿಂದ ನೂರು ಹೆಜ್ಜೆ ಒಳಗೆ, ನೀರು ಇಳಿದು ಬಯಲಾಗಿದ್ದ ಒದ್ದೆ ಮರಳಿನ ನಡುವೆ ಒಂದು ಬಂಡೆ ಇತ್ತು. ಅದರ ಮೇಲೆ ಕೂತು ಎಲ್ಲರಿಗೂ ಬೆನ್ನು ಕೊಟ್ಟರು. ಐದು ನಿಮಿಷದಲ್ಲಿ ಯಾರಾದರೂ ಬರುತ್ತಾರೆ ಎಂಬ ಭರವಸೆ ಇತ್ತು. ಮೊದಲು ವಂದನಾ ಬರುತ್ತಾಳೆ, ಅವಳಿಗೆ ಬಗ್ಗಬಾರದು. ಆಮೇಲೆ ಮಗಳು, ಅವಳಿಗೆ ಅರ್ಧ ಬಗ್ಗಬಹುದು. ಬೀಗರು ಕೈಮುಗಿದರೆ ಏಳಲೇಬೇಕಾಗುತ್ತದೆ. ಐದಾಯಿತು, ಹತ್ತಾಯಿತು. ಮುಂದೆ ಅಲೆಯ ಸಪ್ಪಳವಿತ್ತು, ಬೆನ್ನ ಹಿಂದೆ ಹೆಜ್ಜೆಯ ಸಪ್ಪಳವಿಲ್ಲ. (ಮಾಸ್ತರರು ಚಹಾದ ಕಡೆ ಹೋಗಿರಬೇಕು ಎಂದು ವಂದನಾಬಾಯಿ ಎಲ್ಲರಿಗೂ ಹೇಳಿ, ಕೂಡಿಸಿದ ಸಾಲು ಕೆಡಬಾರದೆಂದು ಯಾರನ್ನೂ ಏಳಗೊಡದೆ ಇದ್ದದ್ದು ಅವರಿಗೆ ಆಮೇಲೆ ತಿಳಿಯಿತು.)

ಮೊದಲು ಚಪ್ಪಲಿ ತೊಯ್ದವು. ಆಮೇಲೆ ಚಪ್ಪಲಿ ಹೋದವು. ಮಾಸ್ತರರು ಜೇಬಿನ ಚೀಟಿ ಬಿಡಿಸಿ ನೋಡಿದರು: ಸಂಜೆ ನಾಲ್ಕು ಹತ್ತರಿಂದ ನೀರು ಏರುವುದು. ಚಂದ್ರನ ಆಕರ್ಷಣೆ, ಭೂಮಿಯ ಭ್ರಮಣ, ಬಾಣದ ಗುರುತು, ಹಲಗೆಯ ಮೇಲೆ ಎಷ್ಟು ಸಲ ಬರೆದು ಎಷ್ಟು ಸಲ ಅಳಿಸಿದ್ದರು. ಇದನ್ನು ಅಳಿಸಲು ಡಸ್ಟರ್ ಇರಲಿಲ್ಲ. ಬಂಡೆಯ ಸುತ್ತ ನೋಡಿದರು. ಸುತ್ತಲೂ ನೀರಿನಿಂದ ಆವರಿಸಲ್ಪಟ್ಟ ಭೂಭಾಗ. ಅದರ ಜನಸಂಖ್ಯೆ ಒಂದು. ಈಜು ಬರುವುದಿಲ್ಲ. ನೀರು ಇನ್ನೂ ಮೊಣಕಾಲಿಗಿದೆ, ಎದ್ದು ನಡೆದು ಹೋಗಬಹುದಿತ್ತು. ಆದರೆ ಯಾರೂ ಕರೆಯದೆ ಸಿಟ್ಟಾದವನು ತಾನಾಗಿಯೇ ಮರಳುವುದೆಂದರೆ, ಆ ಮರ್ಯಾದೆಗಿಂತ ಮೀನಿನ ಹೊಟ್ಟೆ ವಾಸಿ ಎನಿಸಿತು.

ನೀರಿನಲ್ಲಿ ಚಳ್ ಚಳ್ ಎಂದಿತು. ಧೋತರ ಮೇಲೆ ಕಟ್ಟಿಕೊಂಡು ಗುಂಡೇರಾಯರು ಬರುತ್ತಿದ್ದರು. ಹತ್ತು ಹೆಜ್ಜೆ ದೂರಕ್ಕೆ ಬಂದು ನಿಂತರು.

"ಏನ್ ತಪ್ಪಾಗ್ಯದ, ಹೇಳ್ರಿ."

"ಏನಿಲ್ಲ" ಎಂದರು ಮಾಸ್ತರರು.

"ಬರೋಬರಿ ಅದ. ಮೊದಲ ಸಲಕ್ಕ ಏನಿಲ್ಲ ಅಂತೇ ಅನಬೇಕು. ಎರಡನೇ ಸಲಕ್ಕ ಮುಖ ಆಕಡೆ ತಿರಗಸಬೇಕು, ಅದನ್ನ ನೀವು ಮೊದಲೇ ಮಾಡೀರಿ. ಮೂರನೇದಕ್ಕ ಏಳೂದು. ನೀರು ಬರಾಕತ್ತದ, ಲಗೂ ಮುಗಸೂಣ."

ಮಾಸ್ತರರು ಏಳಲಿಲ್ಲ. ನಾನಿಲ್ಲಿ ಇದ್ದದ್ದು ನಿಮಗೆ ಹೇಗೆ ಗೊತ್ತಾಯಿತು ಎಂದು ಮಾತ್ರ ಕೇಳಿದರು.

"ಚಹಾಕ್ಕ ಹೋದವರ ಬೆನ್ನು ಹಂಗ ಇರೂದಿಲ್ರಿ" ಎಂದರು ಗುಂಡೇರಾಯರು. "ದೂರದಿಂದ ಗುರ್ತು ಹಿಡದೆ. ಆದ್ರ ಜಾಗ ತಪ್ಪಿ ಆರಿಸೀರಿ. ಬಸ್‌ಸ್ಟ್ಯಾಂಡ್ ಯಾಕ ಬೇಕು? ಅಲ್ಲಿ ಮಂದಿ ಇರ್ತಾರ, ಯಾರರೆ ನೋಡಿ ಮನಿಗೆ ಸುದ್ದಿ ಮುಟ್ಟಸ್ತಾರ. ಇಲ್ಲಿ ಮೀನ ಹೋಗಿ ಹೇಳಬೇಕೇನು? ಹನ್ನೊಂದು ಸಲ ಬಸ್‌ಸ್ಟ್ಯಾಂಡಿಗೆ ಹೋಗೇನಿ, ಒಮ್ಮೆನೂ ಬಸ್ ಹತ್ತಿಲ್ಲ."

ಮಾಸ್ತರರು ಮೊದಲ ಸಲ ತಿರುಗಿ ನೋಡಿದರು. ಈ ಸಲ ಯಾಕೆ ಸಿಟ್ಟು ಮಾಡಲಿಲ್ಲ ಎಂದರು.

"ಟೈಮ್ ಎಲ್ಲಿ ಕೊಟ್ರಿ? ಎರಡು ದಿನ ಆತು, ಒಬ್ಬರಾದ ಮ್ಯಾಲೆ ಒಬ್ಬರು ಬಂದು ಏನ್ ಬೇಕು, ಏನ್ ಬೇಕು ಅಂತ ಕೇಳಾಕತ್ತೀರಿ. ಮೊದಲಿಂದ ಹಿಂಗ ಕೇಳಿದ್ರ ನಾ ಯಾಕ ಬಿಸಿಲಾಗ ಹೋಗಿ ಕೂಡ್ತಿದ್ದೆ?" ಎಂದು ಗುಂಡೇರಾಯರು ಬೆನ್ನು ತಿರುಗಿಸಿ ಬಗ್ಗಿದರು. "ಬರ್ರಿ, ಏರ್ರಿ. ಕಾಲಾಗ ಚಪ್ಪಲಿಲ್ಲ, ಅಂಗಾಲಿಗೆ ಶಂಖ ಚುಚ್ಚತಾವ."

ಬೇಡವೆಂದರು, ಸೊಂಟ ನೋವಲ್ಲವೇ ಎಂದರು, ಒಂದು ಅಲೆ ಬಂದು ತೊಡೆ ಮುಟ್ಟಿತು, ಏರಿದರು.

ದಂಡೆಯಲ್ಲಿ ಸಾಲು ಇನ್ನೂ ಹಾಗೆಯೇ ಇತ್ತು. ಎಲ್ಲಾರೂ ಇಕಡೆ ನೋಡ್ರಿ ಎಂದು ಅರ್ಫಾತ ಬೆರಳೆತ್ತಿದ್ದ. ಆಗಲೇ ಮಥುರಾಬಾಯಿ ಸಮುದ್ರದ ಕಡೆ ಕೈ ತೋರಿಸಿ, "ನೋಡ್ರಿ, ಬೆಳಿಗ್ಗೆ ಸೊಂಟ ನೋವು ಅಂದವ ನಮ್ಮ ವಾಮನಗ ಕೂಸುಮರಿ ಹೊತ್ತಾನ" ಎಂದರು. ಅರ್ಫಾತನ ಬೆರಳು ಒತ್ತಿತು. ಮುಂದಿನದು ಒತ್ತಬೇಕೆಂದರೆ ಸೂರ್ಯ ಮೋಡದ ಒಳಗೆ ಹೋಗಿದ್ದ, ಸಾಲು ನೀರಿನ ಕಡೆ ಓಡಿತ್ತು. ಹತ್ತು ಸಾವಿರದ ಕಾರ್ಡಿನಲ್ಲಿ ಒಟ್ಟಿನ ಫೋಟೋ ಉಳಿದದ್ದು ಒಂದೇ. ಅಬ್ಬಾನ ಹಣೆಬರಹ ಎಂದು ಅವನು ಕೈ ಚೆಲ್ಲಿದ.

ಈಗ ಅದಕ್ಕೆ ಚೌಕಟ್ಟು ಹಾಕಿಸಿ ಜೇವರ್ಗಿಯ ಪಡಸಾಲೆಯಲ್ಲಿ ಹಳೆಯದರ ಎಡಕ್ಕೆ ತೂಗುಹಾಕಿದ್ದಾರೆ. ಅದರಲ್ಲೂ ಎಲ್ಲರ ಕತ್ತು ಎಡಕ್ಕೆ. ಎಡತುದಿಯಲ್ಲಿ, ಮೊಣಕಾಲುದ್ದ ನೀರಿನಲ್ಲಿ ಗುಂಡೇರಾಯರು. ಅವರ ಬೆನ್ನಿನ ಮೇಲೆ, ಕೈಯಲ್ಲಿ ಒದ್ದೆ ಚೀಟಿ ಹಿಡಿದ ಭೂಗೋಳದ ಮಾಸ್ತರರು. ಇಡೀ ಚಿತ್ರದಲ್ಲಿ ಕ್ಯಾಮೆರಾ ಕಡೆ ನೋಡುತ್ತಿರುವವರು ಅವರೊಬ್ಬರೇ. ಬಂದ ನೆಂಟರು ಇದು ನಿಮ್ಮ ಮನೆತನದ ಪದ್ಧತಿಯೇ ಎಂದು ಕೇಳುತ್ತಾರೆ. ಫೋಟೋವನ್ನು ಬಲಕ್ಕಾದರೂ ಹಾಕೋಣವೆಂದು ಮಾಸ್ತರರು ಎರಡು ಸಲ ಹೇಳಿ ನೋಡಿದರು. ವಂದನಾಬಾಯಿ ಒಪ್ಪಲಿಲ್ಲ. ಹಳೇ ಫೋಟೋದ ಮಂದಿ ಇಪ್ಪತ್ತೇಳು ವರ್ಷ ಸುಮ್ಮನೆ ಗೋಡೆ ನೋಡುತ್ತ ನಿಂತಿದ್ದರು. ಬಾಸಿಂಗ ಕಟ್ಟಿಕೊಂಡ ವಾಮನ ಮಾಸ್ತರರೂ ಸೇರಿ ಎಲ್ಲರಿಗೂ ಈಗ ನೋಡಲಿಕ್ಕೆ ಏನೋ ಒಂದು ಸಿಕ್ಕಿದೆ.