ಹುರುಳಿಯ ಮುಂದೆ ಒತ್ತಿದ ಬ್ರೇಕು

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ, ಬಟ್ಟೆ ಒಣಹಾಕಿದೆ, ಆಮೇಲೆ ಗುಂಡ್ಲುಪೇಟೆ–ಚಾಮರಾಜನಗರ ರಸ್ತೆಯಲ್ಲಿ ಕಾಲು ಗಂಟೆ ಸಂಚಾರ ನಿಲ್ಲಿಸಿದೆ. ಕೊನೆಯದು ನಾನು ಅಂದುಕೊಂಡಿದ್ದ ಕೆಲಸವಲ್ಲ.

ಮಗಳು ಸುಮಾ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದಾಳೆ. ರಸ್ತೆಯ ವಾಹನಗಳನ್ನು ಕಾಲುವೆಯ ನೀರೆಂದುಕೊಂಡು ಲೆಕ್ಕ ಹಾಕುವುದು ಅವಳ ಪ್ರಾಜೆಕ್ಟು. ಮುಂದಿನವನು ಮೆಲ್ಲಗೆ ಬ್ರೇಕು ಒತ್ತಿದರೆ ಹಿಂದಿನವನು ಗಟ್ಟಿಯಾಗಿ ಒತ್ತುತ್ತಾನಂತೆ, ಅವನ ಹಿಂದಿನವನು ನಿಂತೇ ಬಿಡುತ್ತಾನಂತೆ. ಗಾಡಿಗಳು ಮುಂದಕ್ಕೆ ಹೋದರೂ ಅಡಚಣೆ ಮಾತ್ರ ಅಲೆಯ ಹಾಗೆ ಹಿಂದಕ್ಕೆ ಸಾಗುತ್ತದಂತೆ. ನನಗಿದು ಸಲೀಸಾಗಿ ಅರ್ಥವಾಯಿತು. ಗೋಪಾಲಸ್ವಾಮಿ ಬೆಟ್ಟದ ಬಸ್ಸಿನ ಸಾಲಿನಲ್ಲಿ ನಾನೊಮ್ಮೆ ಸೆರಗು ಸರಿಮಾಡಿಕೊಳ್ಳಲು ನಿಂತಾಗ, ಎಲ್ಲೋ ಕೊನೆಯಲ್ಲಿದ್ದವರು ಬೈದದ್ದು ಇನ್ನೂ ಕಿವಿಯಲ್ಲಿದೆ.

ಆ ದಿನ ಹನ್ನೊಂದಕ್ಕೆ ಚಾಮರಾಜನಗರದಲ್ಲಿ ಅವಳ ವೈವಾ. ತಪ್ಪಿದರೆ ಮುಂದಿನ ವರ್ಷವೇ. "ಬಸ್ಸು ಯಾಕೆ, ನಾನೇ ಬಿಡ್ತೀನಿ" ಎಂದು, ಹೊಸದಾಗಿ ಓಡಿಸಲು ಕಲಿತಿದ್ದ ಕಾರು ತೆಗೆದೆ. ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ನಮ್ಮ ಬದಿಗೆ ಒಕ್ಕಣೆಗೆಂದು ಹುರುಳಿ ಗಿಡ ಹಾಸಿದ್ದರು. ಇಷ್ಟು ವರ್ಷ ಬಸ್ಸಿನಲ್ಲಿ ಕೂತು ಅಂಥದರ ಮೇಲೆ ಎಷ್ಟೋ ಸಲ ಹೋಗಿದ್ದೇನೆ. ಆಗ ತುಳಿದ ಪಾಪ ಡ್ರೈವರನದು. ಈಗ ಸ್ಟೀರಿಂಗು ನನ್ನ ಕೈಯಲ್ಲಿ. ತಿನ್ನುವ ಕಾಳನ್ನು ತುಳಿಯುವುದು ಹೇಗೆ? ಬ್ರೇಕು ಒತ್ತಿದೆ. ಗಾಡಿ ಆಫ್ ಆಯಿತು. ಎದುರಿನಿಂದ ಸಾಲು ಸಾಲು ಕಬ್ಬಿನ ಟ್ರ್ಯಾಕ್ಟರು, ಹಿಂದಿನವರಿಗೆ ದಾರಿಯಿಲ್ಲ.

ಹುರುಳಿಯ ಒಡತಿ ಓಡಿ ಬಂದಳು. "ಅಕ್ಕೋ, ಯಾಕ್ ನಿಂತ್ಬುಟ್ಟೆ? ಚಕ್ರ ಹತ್ಲಿ ಅಂತಾನೇ ಹಾಸಿರದು ಕಣವ್ವ! ಹತ್ಸು ಮ್ಯಾಲೆ!"

ಹಿಂದಿನ ಬಸ್ಸಿನ ಕಂಡಕ್ಟರು ಕತ್ತು ಹೊರಹಾಕಿದ. "ಏನಮ್ಮೋ, ಹುರುಳಿಗೆ ಪೂಜೆ ಮಾಡ್ತಾ ಇದ್ದೀರಾ?"

"ಅಮ್ಮ, ಅಲೆ ಶುರುವಾಯ್ತು" ಎಂದಳು ಸುಮಾ, ಅಳುವ ದನಿಯಲ್ಲಿ. ನಾಲ್ಕು ಸಲ ಆಫ್ ಆದ ಗಾಡಿ ಐದನೆಯದಕ್ಕೆ ಹೊರಟಿತು. ಕಣ್ಣು ಅರ್ಧ ಮುಚ್ಚಿ, ಮನಸ್ಸಿನಲ್ಲೇ ಕೈಮುಗಿದು ಹತ್ತಿಸಿದೆ.

ಹನ್ನೊಂದೂ ಹತ್ತಕ್ಕೆ ಓಡಿ ಹೋದರೆ ಪರೀಕ್ಷಕರ ಕುರ್ಚಿಯೇ ಖಾಲಿ. ಸ್ವಲ್ಪ ಹೊತ್ತಿಗೆ ಬೆವರೊರೆಸಿಕೊಳ್ಳುತ್ತ ಬಂದವರು, "ಗುಂಡ್ಲುಪೇಟೆಯಿಂದ ಬಸ್ಸಲ್ಲಿ ಬರ್ತಿದ್ದೆ ಕಣಮ್ಮ. ಯಾರೋ ಹೆಂಗಸು ಹುರುಳಿ ಮುಂದೆ ಕಾರು ನಿಲ್ಲಿಸ್ಕೊಂಡು ಕೂತಿದ್ರಂತೆ. ಊರುದ್ದ ಗಾಡಿ!" ಎಂದರು. ಸುಮಾ ಬೋರ್ಡಿನ ಮೇಲೆ ಆ ಅಡಚಣೆಯನ್ನೇ ಗೀಟು ಗೀಟಾಗಿ ಬಿಡಿಸಿ, ಅವರ ಬಸ್ಸು ಎಷ್ಟು ಹೊತ್ತಿಗೆ ನಿಂತಿರಬೇಕು ಎಂದು ಹೇಳಿದಳು. ಅವರಿಗೆ ಬಹಳ ಖುಷಿಯಾಯಿತು.

"ಇಷ್ಟು ಕರಾರುವಾಕ್ಕಾಗಿ ಹೇಗಮ್ಮ ಗೊತ್ತಾಯ್ತು?"

"ಮೂಲದಲ್ಲೇ ಕೂತಿದ್ದೆ, ಸಾರ್."

ಬಾಗಿಲಲ್ಲಿ ನಿಂತಿದ್ದ ನಾನು ಗೋಡೆಯ ನೋಟೀಸುಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ.

ರಾತ್ರಿ ಮುದ್ದೆ, ಬಸ್ಸಾರು. ಮಗಳು ಪಾಸಾದ ಖುಷಿಗೆ ಯಜಮಾನರು ಒಂದು ಮುದ್ದೆ ಹೆಚ್ಚಿಗೆ ಉಂಡರು. ಮೊದಲು ನಿದ್ದೆ ಹೋದವಳು ನಾನೇ, ನಡುಮನೆಯ ಬಾಗಿಲಿಗೆ ಅಡ್ಡಲಾಗಿ. ಅಪ್ಪ ಮಗಳು ದಾಟಲು ದಾರಿಯಿಲ್ಲದೆ ಬಹಳ ಹೊತ್ತು ಅಡುಗೆಮನೆಯಲ್ಲೇ ನಿಂತಿದ್ದರಂತೆ.