ಹಲಸಿನ ಮೇಣದ ವ್ಯೂಫೈಂಡರ್

ನನ್ನ ಅರ್ಧ ಮುಖವನ್ನು ಕಳೆದವರು ನನ್ನ ಭಾವ. ಅಪಘಾತವೇ ಎಂದು ಗಾಬರಿಯಾಗಬೇಡಿ; ಮುಖ ಇದ್ದಲ್ಲಿಯೇ ಇದೆ. ಆದರೆ ಎಂಬತ್ತರ ದಶಕದ ಯಾವ ಫೋಟೋದಲ್ಲಿಯೂ ಅದು ಪೂರ್ತಿಯಾಗಿ ಸಿಗದು! ಈ ಅನ್ಯಾಯವನ್ನು ನಾನು ಮರೆತಿಲ್ಲ. ಮರೆಯುವ ಪೈಕಿಯೂ ಅಲ್ಲ.

ಆಲೆಟ್ಟಿಯ ಈ ಭಾವ, ಎಂದರೆ ನನ್ನ ಅಕ್ಕನ ಗಂಡ, ಕಡಬದ ಸ್ನೇಹಿತರೊಬ್ಬರಿಂದ ಹಳೆಯ ಎಲೆಕ್ಟ್ರಾನಿಕ್ ಕ್ಯಾಮೆರಾವೊಂದನ್ನು ಕೊಂಡರು. ಬ್ಯಾಟರಿ ಹಾಕಿದರೆ ಬೆಳಕನ್ನು ತಾನೇ ಅಳೆದುಕೊಳ್ಳುವ ಜಾಣ ಯಂತ್ರ. ಉದ್ದೇಶ ಒಂದೇ: ಅಕ್ಕನದೊಂದು ಫೋಟೋ. ಮದುವೆಯಲ್ಲಿಯೂ ಫೋಟೋ ತೆಗೆಸಿಕೊಳ್ಳದ ಅಕ್ಕನಿಗೋ ಕ್ಯಾಮೆರಾ ಕಂಡರಾಗದು. ಭಾವ ಅದನ್ನು ಕಣ್ಣಿಗೆ ಏರಿಸಿದೊಡನೆ, "ನನ್ನದೆಂತಕ್ಕೆ? ತಮ್ಮನದ್ದು ತೆಗೆಯಿರಿ" ಎಂದು ಚಾವಡಿಯ ಬಲಗಡೆಯ ಅಡುಗೆಮನೆಯ ಬಾಗಿಲಿಗೆ ಸರಿದುಬಿಡುವಳು. ಪ್ರತಿ ಸಲವೂ ಬಲಿಯಾದವನು ನಾನು.

ಮೊದಲ ಮಳೆಗಾಲದಲ್ಲಿಯೇ ವ್ಯೂಫೈಂಡರಿನ, ಎಂದರೆ ಕಣ್ಣಿಟ್ಟು ನೋಡುವ ಕಿಂಡಿಯ, ಗಾಜಿಗೆ ಬೂಷ್ಟು ಹಿಡಿಯಿತು. ಪುತ್ತೂರಿನ ಸ್ಟುಡಿಯೋಕ್ಕೆ ಕೊಡೋಣವೆಂದೆ.

"ಅವರಿಗೆಂತ ಗೊತ್ತುಂಟು ಮಾರಾಯ?" ಎಂದು ಭಾವ ಅಡಿಕೆಯ ಹಾಳೆ ಹಾಸಿ ಸ್ಕ್ರೂಗಳನ್ನು ಬಿಚ್ಚಿಟ್ಟರು. ಒರೆಸಿದ ಗಾಜನ್ನು ಮರಳಿ ಕೂರಿಸಲು ಯಾವ ಅಂಟು ಬಳಸಿದರೆಂದು ಊಹಿಸಬಲ್ಲಿರಾ? ಹಲಸಿನ ಮೇಣ! ಸೋರುವ ಕೊಡಪಾನಕ್ಕೆ ಹಚ್ಚುವ ಅದೇ ಮೇಣ! ಕೊನೆಗೊಂದು ಸ್ಕ್ರೂ ಉಳಿಯಿತು.

"ಇದು?"

"ಕಂಪೆನಿಯವರು ಒಂದು ಹೆಚ್ಚಿಗೆ ಹಾಕಿದ್ದು."

ಬಿಸಿಲಿಗೆ ಮೇಣ ಮೆತ್ತಗಾಗಿ ಗಾಜು ಜಾರಿತು. ಅಂದಿನಿಂದ ಕಿಂಡಿಯ ನಡುವೆ ಕಂಡದ್ದು ಫೋಟೋದ ಎಡ ಅಂಚಿಗೆ ಹೋಗಿ ಅರ್ಧವಾಗುತ್ತಿತ್ತು. ಕಿಂಡಿಯಲ್ಲಿ ಕಾಣದ ಬಲಗಡೆಯ ವಸ್ತು ನಡುವೆ ಬಂದು ಕೂರುತ್ತಿತ್ತು. ಸವಣೂರಿನ ಮದುವೆಯೊಂದರಲ್ಲಿ ಹೊಸ ಕೋಟು ಧರಿಸಿ ಗಂಭೀರವಾಗಿ ನಿಂತೆ. ಬಂದದ್ದು ನನ್ನದೊಂದು ಕಿವಿ ಮತ್ತು, ಸರ್ವಾಂಗ ಸಂಪೂರ್ಣವಾಗಿ, ಸಾರಿನ ಕೊಪ್ಪರಿಗೆ!

"ಕೊಪ್ಪರಿಗೆ ಲಾಯ್ಕ ಬಂದುಂಟಲ್ಲ!" ಎಂದರು ಭಾವ.

ಒಮ್ಮೆ ನಾನೇ ರಿಪೇರಿ ಮಾಡಿಸಿ ತರುವೆನೆಂದು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಸುಳ್ಯದ ಬಸ್ಸು ಹತ್ತಿದೆ. ಭಾವ ಓಡಿ ಬಂದು, ಹೊರಟ ಬಸ್ಸನ್ನು ಕೂಗಿ ನಿಲ್ಲಿಸಿ, ಎಲ್ಲರೆದುರು ನನ್ನನ್ನು ಇಳಿಸಿದರು!

"ಅದು ಹಾಗೇ ಇರಲಿ. ನೀನು ಬಂದು ಚಾವಡಿಯಲ್ಲಿ ನಿಲ್ಲು ಮಾರಾಯ."

ನಿಂತೆ. ಅಡುಗೆಮನೆಯ ಬಾಗಿಲಿನಿಂದ ಅಕ್ಕ ಕೂಗಿದಳು: "ಗಲ್ಲ ಎತ್ತು ತಮ್ಮ, ಅರ್ಧವಾದರೂ ಚಂದ ಬರಲಿ!"

ಆ ಫೋಟೋವನ್ನು ಭಾವ ನನಗೆ ತೋರಿಸಲೇ ಇಲ್ಲ. ಅದನ್ನೂ ನಾನು ಮರೆತಿರಲಿಲ್ಲ.

ಅಕ್ಕ ತೀರಿಕೊಂಡಳು. ಉತ್ತರಕ್ರಿಯೆಯ ದಿನ ದೀಪದ ಬಳಿ ಇಡಲು ಫೋಟೋ ಉಂಟಾ ಎಂದು ಯಾರೋ ಕೇಳಿದರು. ಎಲ್ಲಿಂದ ಬರಬೇಕು? ನಾನು ತಲೆ ತಗ್ಗಿಸಿದೆ. ಭಾವ ಒಳಗೆ ಹೋಗಿ ಒಂದನ್ನು ತಂದರು. ಎಡ ಅಂಚಿನಲ್ಲಿ, ಎತ್ತಿ ಹಿಡಿದ ನನ್ನ ಅರ್ಧ ಗಲ್ಲ. ನಟ್ಟನಡುವೆ, ಬಾಗಿಲಿಗೆ ಒರಗಿ, ತಾನು ಫೋಟೋದ ಹೊರಗಿದ್ದೇನೆಂದೇ ನಂಬಿ, ಬಾಯ್ತುಂಬ ನಗುತ್ತಿರುವ ಅಕ್ಕ.

"ನಿನ್ನ ಬದಿ ಕತ್ತರಿಸಿ ಕಟ್ಟು ಹಾಕಿಸುದಾ?" ಭಾವ ಮೆಲ್ಲನೆ ಕೇಳಿದರು.

"ಬೇಡ ಭಾವ," ಎಂದೆ. "ಅವಳು ನಗುದು ನನ್ನನ್ನು ನೋಡಿ."