ಸತ್ಯಪ್ರಕಾಶನ ಬ್ಲೂ ಬುಕ್ಕು

ಸ್ನಾನ ಮುಗಿಸಿ ಬಂದ ಸತ್ಯಪ್ರಕಾಶ, ಫೋನಿನ ಪಕ್ಕದ ಆನ್ಸರಿಂಗ್ ಮಷೀನಿನಲ್ಲಿ ಕೆಂಪು ದೀಪ ಮಿಣುಕುತ್ತಿದ್ದುದನ್ನು ಕಂಡು ಗುಂಡಿ ಒತ್ತಿದ. ಒತ್ತಬಾರದಿತ್ತು. ಒತ್ತಿದರೂ, ಅತ್ತೆ ಜಯದೇವಿ ಎದುರಿಗೆ ಮೆಂತ್ಯದ ಸೊಪ್ಪು ಬಿಡಿಸುತ್ತಿರುವಾಗ, ಪಕ್ಕದ ಮನೆಯ ಲಿಂಗರಾಜು ಕೇಳಿ ಪಡೆದ ಕರಿಬೇವು ಹಿಡಿದು ಬಾಗಿಲಲ್ಲಿ ನಿಂತಿರುವಾಗ ಒತ್ತಲೇಬಾರದಿತ್ತು.

"ಹಾಯ್ ಸತ್ಯ, ಮರಿಯಾ ಹಿಯರ್!" ಎಂದಿತು ಮಷೀನು. ಮರಿಯಾ ಎಂದರೆ ಕಾಲೇಜಿನಲ್ಲಿ ಅವನ ಪಕ್ಕದ ಕುರ್ಚಿಯವಳು, ಮೂರು ಮೊಮ್ಮಕ್ಕಳ ಅಜ್ಜಿ. ಎರಡು ಗಂಟೆಗೆ ಪರೀಕ್ಷೆ, ಬ್ಲೂ ಬುಕ್ ಮರೆಯಬೇಡ, ಅದಿಲ್ಲದೆ ಪ್ರೊಫೆಸರಮ್ಮ ಒಳಗೇ ಬಿಡುವುದಿಲ್ಲ, ಕಾಲೇಜಿನ ಬುಕ್‌ಸ್ಟೋರಿನಲ್ಲೇ ಸಿಗುತ್ತದೆ, ತಾನಂತೂ ನಾಲ್ಕು ಕೊಂಡಿದ್ದೇನೆ ಎಂದು ಇಂಗ್ಲಿಷಿನಲ್ಲಿ ಗಿಲಗಿಲನೆ ಹೇಳಿ ಮುಗಿಸಿದಳು.

ಲಿಂಗರಾಜುವಿನ ಕೈಯಲ್ಲಿದ್ದ ಕರಿಬೇವು ಅಲ್ಲೇ ಬಾಡಿತು.

"ಏನ್ ಬುಕ್ ಅಂದ್ರು ಸಾರ್?"

"ಗೊತ್ತಿಲ್ಲ ಕಣಯ್ಯ. ಹೋದ ವಾರ ಕ್ಲಾಸಲ್ಲೂ ಹಂಗೇ ಅಂದಂಗಿತ್ತು. ನಂಗೇ ಕಿವಿ ಸರಿಯಾಗಿ ಕೇಳಿಸ್ಲಿಲ್ಲ ಅಂದ್ಕೊಂಡೆ."

"ಬ್ಲೂ ಅಂದ್ರು ಸಾರ್. ಅಜ್ಜಿ ಬೇರೆ. ನಾಲ್ಕು ತಗೊಂಡಿದಾರಂತೆ!"

ನಮ್ಮ ಊರುಗಳಲ್ಲಿ ಬ್ಲೂ ಎಂಬುದು ಬರೀ ಬಣ್ಣದ ಹೆಸರೇ? ಮುಖಕ್ಕೆ ಟವಲು ಮುಚ್ಚಿಕೊಂಡು ಬೆಳಗಿನ ಆಟಕ್ಕೆ ನುಗ್ಗುವ ಗಂಡಸರನ್ನು ಕೇಳಿ, ಅದು ಯಾವ ಜಾತಿಯ ಸಿನಿಮಾದ ಹೆಸರೆಂದು ಹೇಳುತ್ತಾರೆ. ಸಿನಿಮಾ ಹಾಗಾದರೆ ಬುಕ್ಕು ಹೇಗಿರಬೇಡ! ಸತ್ಯಪ್ರಕಾಶನ ಕಿವಿ ಹಪ್ಪಳದಂತೆ ಕೆಂಪಗೆ ಹುರಿದುಕೊಂಡಿತು.

ಪಾಪ, ಅವನಿಗೆ ಇದ್ದದ್ದು ಅದೊಂದೇ ಆಸ್ತಿ, ಮರ್ಯಾದೆ. ಮೈಸೂರಿನಲ್ಲಿ ಹನ್ನೊಂದು ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದವನು. ಹೆಂಡತಿ ಗೋದಾವರಿಗೆ ಅಮೆರಿಕದ ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಕೆಲಸ ಸಿಕ್ಕಿ ಬಂದ ಮೇಲೆ, ಅವಳ ವೀಸಾದ ಬಾಲ ಹಿಡಿದು ಬಂದಿದ್ದ. ಆ ವೀಸಾದಲ್ಲಿ ಉಸಿರಾಡಬಹುದು, ಕೆಲಸ ಮಾಡುವಂತಿಲ್ಲ. ಅವರು ಮನೆ ಹಿಡಿದಿದ್ದ ಯೂಲೆಸ್‌ನ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಅವನನ್ನು "ಗೋದಾವರಿ ಹಸ್ಬೆಂಡ್" ಅನ್ನುತ್ತಿದ್ದರು. ಸ್ವಂತ ಹೆಸರು ಗ್ಯಾಸ್ ಬಿಲ್ಲಿನಲ್ಲೂ ಇರಲಿಲ್ಲ. ಅದಕ್ಕೇ ಕಮ್ಯುನಿಟಿ ಕಾಲೇಜಿಗೆ ಸೇರಿ ಅಮೆರಿಕದ ಇತಿಹಾಸ ಹಿಡಿದಿದ್ದ. ಅದಕ್ಕೇ, ಭಾನುವಾರದ ಕನ್ನಡ ಕ್ಲಾಸಿಗೆ ತಾನೇ ಮೇಷ್ಟ್ರಾಗುತ್ತೇನೆ ಎಂದು ಕನ್ನಡ ಸಂಘದಲ್ಲಿ ಕೈ ಎತ್ತಿದ್ದ. ಹತ್ತು ಮಕ್ಕಳು ಸೇರಿದರೆ ಕ್ಲಾಸು ಎಂದಿದ್ದರು ಅಧ್ಯಕ್ಷ ಚಂದ್ರಮೋಹನ. ಹನ್ನೆರಡು ಹೆಸರು ಬಂದಿತ್ತು. ಇವತ್ತು ಸಂಜೆ ಕ್ಲಬ್‌ಹೌಸಿನ ಸಭೆಯಲ್ಲಿ ಗಟ್ಟಿ ಮಾಡುವುದಿತ್ತು. ಇಂಥ ದಿನವೇ ಬ್ಲೂ ಬುಕ್ಕೆ?

"ಏನಂತ್ರೀ ಅಳಿಯಂದ್ರ, ಆಕಿ ಏನಂದ್ಲು?" ಎಂದಳು ಜಯದೇವಿ.

"ಏನಿಲ್ಲ ಅತ್ತೆ. ಪರೀಕ್ಷೆಗೆ ಒಂದು ಬುಕ್ ತರ್ಬೇಕಂತೆ."

"ಹೌದೇನು! ನಾನೂ ಬರ್ತೀನಿ ನಡೀರಿ. ಬಂದು ತಿಂಗಳಾತು, ಅಳಿಯನ ಕಾಲೇಜ್ ನೋಡಿಲ್ಲಂದ್ರ ಧಾರವಾಡದಾಗ ಮುಖಾ ಹೆಂಗ ತೋರಸ್ಲಿ?"

ಜಯದೇವಿಗೆ ಅಳಿಯ ಅಮೆರಿಕದಲ್ಲಿ ಕಾಲೇಜು ಓದುತ್ತಾನೆಂಬ ಹೆಮ್ಮೆ ಎಷ್ಟಿತ್ತೆಂದರೆ, ಬರುವಾಗ ವಿಮಾನದಲ್ಲಿ ಪಕ್ಕ ಕೂತಿದ್ದ ಜರ್ಮನಿಯವನಿಗೆ ಒಂಬತ್ತು ಗಂಟೆ ಅದನ್ನೇ ಹೇಳಿದ್ದಳು, ಕನ್ನಡದಲ್ಲೇ. ಇಳಿಯುವ ಹೊತ್ತಿಗೆ ಅವನೂ "ಹೌದ್ರೀ" ಅನ್ನುತ್ತಿದ್ದನಂತೆ.

"ನಾನ್ ಡ್ರೈವ್ ಮಾಡ್ತೀನಿ ಸಾರ್," ಎಂದ ಲಿಂಗರಾಜು, ಯಾರೂ ಕೇಳದೆಯೇ. "ನಂಗೇನು, ಬೆಂಚ್ ಮೇಲಿದೀನಿ." ಪ್ರಾಜೆಕ್ಟು ಮುಗಿದು, ಮುಂದಿನದು ಸಿಗದೆ ಮನೆಯಲ್ಲಿ ಕೂತವರ ಮಾತು ಅದು.

"ಅಯ್ಯ, ಅಷ್ಟು ದೊಡ್ಡ ಕಂಪನ್ಯಾಗ ಕುರ್ಚಿನೂ ಕೊಟ್ಟಿಲ್ಲೇನಪಾ ನಿನಗ?" ಎಂದು ಮರುಗಿದಳು ಜಯದೇವಿ.

ಕಾಲೇಜಿನ ಬುಕ್‌ಸ್ಟೋರು ನಮ್ಮ ತೇರು ನಿಲ್ಲಿಸುವ ಮನೆಯಷ್ಟಿತ್ತು. ಜಯದೇವಿ ಚಪ್ಪಲಿ ಬಿಡಲು ಬಾಗಿಲಲ್ಲಿ ಜಾಗ ಹುಡುಕಿದಳು. ಸರಸ್ವತಿ ಇರುವ ಕಡೆ ಚಪ್ಪಲಿ ಹೇಗೆ? ಲಿಂಗರಾಜು ಬೇಡವೆಂದು ಎಳೆದುಕೊಂಡು ಹೋದ. ಗೋಡೆಯುದ್ದಕ್ಕೂ ಪುಸ್ತಕ, ಒಂದೊಂದೂ ಮಣೆಯಷ್ಟು ದಪ್ಪ. ನರ್ಸ್ ಓದುವವರಿಗೆ ಬೇರೆ ಸಾಲು, ವೆಲ್ಡಿಂಗ್ ಕಲಿಯುವವರಿಗೆ ಬೇರೆ. ಪೆನ್ಸಿಲು, ಕ್ಯಾಲ್ಕುಲೇಟರು, ಲ್ಯಾಬಿನ ಕನ್ನಡಕ, ಕೊಡೆ, ಚಾಕೊಲೇಟು, ತಲೆನೋವಿನ ಮಾತ್ರೆ, ಪದವಿಯ ಕರಿ ನಿಲುವಂಗಿ. ಹುಟ್ಟಿದ ಮಗು ಒಳಗೆ ಹೋದರೆ ಪದವೀಧರನಾಗಿ ಹೊರಗೆ ಬರಬಹುದು.

"ಈ ಹಳದಿ ಚೀಟಿ ಏನಪಾ?"

"ಯೂಸ್ಡ್ ಅಂತ ಆಂಟಿ. ಒಬ್ರು ಓದಿದ್ದನ್ನ ವಾಪಸ್ ತಗೊಂಡು ಇನ್ನೊಬ್ರಿಗೆ ಕೊಡ್ತಾರೆ."

"ಹಂಗಂದ್ರ ಅಕ್ಕನ ಪುಸ್ತಕ ತಂಗಿಗೆ! ನಮ್ಮ ಮನಿಯಾಗ ಒಂದ ಗಣಿತದ ಪುಸ್ತಕ ಏಳು ಮಂದೀನ್ನ ಫೇಲ್ ಮಾಡಿತ್ತು."

ಅಷ್ಟರಲ್ಲಿ ಅವಳ ಕಣ್ಣು ಕೆಂಪು ಸ್ವೆಟ್‌ಶರ್ಟಿನ ಮೇಲೆ ಬಿತ್ತು. ಮೇಲೆ ಕಾಲೇಜಿನ ಹೆಸರು, ಕೆಳಗೆ 'ಮಾಮ್'. ಅಮ್ಮ ಎಂದರ್ಥ ಎಂದು ಲಿಂಗರಾಜು ಓದಿ ಹೇಳಿದ್ದೇ ತಡ, ಇಳಕಲ್ ಸೀರೆಯ ಮೇಲೇ ಹಾಕಿಕೊಂಡು ಕನ್ನಡಿಯ ಮುಂದೆ ಅಷ್ಟ ದಿಕ್ಕಿಗೂ ತಿರುಗಿದಳು. ತೆಗೆಯಲು ಒಪ್ಪದೆ ಬೆಲೆಯ ಚೀಟಿಯನ್ನೇ ಕಿತ್ತು ಕೌಂಟರಿಗೆ ಕಳಿಸಿದಳು.

ಕೌಂಟರಿನಲ್ಲಿ ಎಲ್ಲರನ್ನೂ 'ಹನಿ', ಅಂದರೆ ಜೇನೇ, ಎಂದು ಕರೆಯುವ ಮುದುಕಿಯೊಬ್ಬಳಿದ್ದಳು. ಅವಳ ಗಂಟಲು ಹ್ಯೂಸ್ಟನ್‌ನಿಂದ ಕೂಗಿದರೂ ಡಲ್ಲಾಸಿಗೆ ಕೇಳುವಂಥದು. ಸತ್ಯಪ್ರಕಾಶನ ಹಿಂದೆ ಹದಿನಾರು ಜನ. ಅವನು ಬಾಗಿ, ಬಾಯಿಗೆ ಕೈ ಅಡ್ಡವಿಟ್ಟು ಉಸುರಿದ, "ಮ್ಯಾಮ್... ಬ್ಲೂ... ಬುಕ್."

"ಏನು ಹನಿ? ಗಟ್ಟಿಯಾಗಿ ಹೇಳು!"

"ಬ್ಲೂ ಬುಕ್."

"ಓ, ಬ್ಲೂ ಬುಕ್!" ಅಂಗಡಿಯ ಗಾಜು ನಡುಗಿತು. "ದೊಡ್ಡದಾ, ಚಿಕ್ಕದಾ?"

"ಚಿಕ್ಕದು," ಎಂದ ಸತ್ಯಪ್ರಕಾಶ, ನೆಲ ಬಾಯಿ ಬಿಡಬಾರದೇ ಎಂದುಕೊಳ್ಳುತ್ತ. "ತುಂಬಾ ಚಿಕ್ಕದು. ಬ್ಯಾಗಲ್ಲಿ ಹಾಕಿ."

"ಒಂದೇ ಸಾಲದು ಹನಿ! ಈಗ ಹೋದ ಹುಡುಗಿ ಆರು ತಗೊಂಡಳು. ನಿಮ್ಮ ಪ್ರೊಫೆಸರಿಗೆ ಬರೆದಷ್ಟೂ ಖುಷಿ!"

ಲಿಂಗರಾಜು ಕತ್ತನ್ನು ಕೊಕ್ಕರೆಯ ಹಾಗೆ ಉದ್ದ ಮಾಡಿದ. ಮುದುಕಿ ಕೌಂಟರಿನ ಕೆಳಗಿಂದ ತೆಗೆದಿಟ್ಟಳು. ನೀಲಿ ರಟ್ಟಿನ ತೆಳ್ಳನೆಯ ಪುಸ್ತಕ. ಲಿಂಗರಾಜು ತಡೆಯಲಾರದೆ ತೆರೆದ. ಮೊದಲ ಪುಟ ಗೆರೆ. ಎರಡನೆಯದು ಗೆರೆ. ತಿರುಗಿಸಿ ಹಿಡಿದ, ಬೆಳಕಿಗೆ ಹಿಡಿದ. ಗೆರೆಯೇ.

"ಸಾರ್, ಇದು ಖಾಲಿ!"

"ಉತ್ತರ ಪತ್ರಿಕೆ ಕಣಯ್ಯ!" ಸತ್ಯಪ್ರಕಾಶನಿಗೆ ಎದೆಯ ಮೇಲಿನ ಚಾಮುಂಡಿ ಬೆಟ್ಟ ಇಳಿದಂತಾಯಿತು. "ನಮ್ಮಲ್ಲಿ ಹಾಲಲ್ಲಿ ಕೊಡ್ತಾರೆ, ಇಲ್ಲಿ ನಾವೇ ತರ್ಬೇಕು. ಅಷ್ಟೇ!"

"ಅಷ್ಟೇನಾ?" ಎಂದ ಲಿಂಗರಾಜು. ಪ್ರಾಜೆಕ್ಟು ಹೋದಾಗಲೂ ಅವನ ಮುಖ ಅಷ್ಟು ಜೋತುಬಿದ್ದಿರಲಿಲ್ಲ.

ಸತ್ಯಪ್ರಕಾಶ ಧೈರ್ಯವಾಗಿ ಮೂರು ಕೊಂಡ. ಜಯದೇವಿ ಮೂರಕ್ಕೂ ಕೈಮುಗಿದು ಕಣ್ಣಿಗೊತ್ತಿಕೊಂಡಳು. "ಏನಂತಾರ ಇದಕ್ಕ?"

"ಬ್ಲೂ ಬುಕ್ ಆಂಟಿ," ಎಂದ ಲಿಂಗರಾಜು ನಿಟ್ಟುಸಿರಿಟ್ಟು. ಜಯದೇವಿ "ಬ್ಲೂ ಬುಕ್, ಬ್ಲೂ ಬುಕ್" ಎಂದು ಜಪದಂತೆ ಬಾಯಿಪಾಠ ಮಾಡಿಕೊಂಡಳು.

ಪರೀಕ್ಷೆಯಲ್ಲಿ ಸತ್ಯಪ್ರಕಾಶ ಬರೆದ, ಬರೆದ, ಬರೆದ. ಹನ್ನೊಂದು ವರ್ಷ ಮಕ್ಕಳಿಗೆ "ಪುಟ ತುಂಬಿಸ್ರೋ" ಎಂದು ಹೇಳಿದ್ದ ಕೈ. ಮೂರೂ ತುಂಬಿದವು. ಕೊನೆಗೆ ಎದ್ದು ನಿಂತು, ಕಟ್ಟಲು ದಾರ ಕೊಡಿ ಎಂದು ಕೇಳಿದ. ಆ ಕಾಲೇಜು ಹುಟ್ಟಿದಾಗಿನಿಂದ ಯಾರೂ ದಾರ ಕೇಳಿರಲಿಲ್ಲ. ಪ್ರೊಫೆಸರಮ್ಮ ಬಾಗಿಲವರೆಗೂ ಬಂದು ಅವನ ಕೈ ಕುಲುಕಿ ಏನೋ ಹೇಳಿದರು. ಹೊರಗೆ ಕಾದಿದ್ದ ಜಯದೇವಿ ಲಿಂಗರಾಜುವಿನ ತೋಳು ಹಿಂಡಿದಳು.

"ಏನಂದ್ರು? ಏನಂದ್ರು?"

"ಮೂರೂ ತುಂಬಿಸಿದ್ದು ಇವರೊಬ್ರೇ ಅಂತೆ ಆಂಟಿ. ಇವತ್ತು ಮನೆಗೆ ತಗೊಂಡು ಹೋಗಿ, ಮಲಗೋ ಮುಂಚೆ ಓದ್ತಾರಂತೆ."

ಜಯದೇವಿಯ ಕಣ್ಣಲ್ಲಿ ನೀರು ಬಂತು. ಸತ್ಯಪ್ರಕಾಶನ ಕಾಲು ನೆಲದಿಂದ ನಾಲ್ಕು ಅಂಗುಲ ಮೇಲೆ ನಡೆಯಿತು.

ಸಂಜೆ ಆರಕ್ಕೆ ಕ್ಲಬ್‌ಹೌಸು ತುಂಬಿತ್ತು. ಬಾಗಿಲ ಬಳಿ ಮೇಜಿನ ಮೇಲೆ ಕನ್ನಡ ಕ್ಲಾಸಿನ ಹಾಳೆ, ಹನ್ನೆರಡು ಮಕ್ಕಳ ಹೆಸರು. ಗೋದಾವರಿ ಆಫೀಸಿನಿಂದ ನೇರ ಬಂದು ಗಂಡನ ಪಕ್ಕ ಕೂತಳು. ದೂರದ ಮೆಕಿನ್ನಿಯಿಂದಲೂ ಎರಡು ಸಂಸಾರ ಬಂದಿದ್ದವು. ಎಲ್ಲರೂ ಬೆಂಗಳೂರು, ಮೈಸೂರಿನಲ್ಲೇ ಓದು ಮುಗಿಸಿ ಕೆಲಸಕ್ಕೆಂದು ವಿಮಾನ ಹತ್ತಿದವರು. ಇಲ್ಲಿನ ಕಾಲೇಜಿನ ಮೆಟ್ಟಿಲು ತುಳಿದವರು ಒಬ್ಬರೂ ಇರಲಿಲ್ಲ.

"ನಮ್ಮ ಮೇಷ್ಟ್ರ ಬಗ್ಗೆ ಯಾರಾದ್ರೂ ಎರಡು ಮಾತಾಡ್ತೀರಾ?" ಎಂದರು ಚಂದ್ರಮೋಹನ.

ಕೆಂಪು ಸ್ವೆಟ್‌ಶರ್ಟು ಎದ್ದಿತು. ಮೈಕನ್ನು ಜಯದೇವಿ ಲಟ್ಟಣಿಗೆಯಂತೆ ಹಿಡಿದಳು.

"ನಾ ಹೇಳ್ತೀನ್ರೀ! ನಮ್ಮ ಅಳಿಯಂದ್ರು ಇವತ್ತ ಬ್ಲೂ ಬುಕ್ ಬರದಾರ್ರೀ!"

ಸಭೆಯಲ್ಲಿ ಸಮೋಸ ಅಗಿಯುವ ಸದ್ದು ನಿಂತಿತು.

"ಒಂದಲ್ರೀ, ಮೂರು! ಎರಡ ತಾಸಿನ್ಯಾಗ! ಅವ್ರಿಗೆ ಕಲಸೂ ಬಾಯಾರಿಗೆ ಎಷ್ಟು ಸೇರ್ಯಾವಂದ್ರ, ಮಲಗೂ ಮುಂದ ಓದತೀನಿ ಅಂತ ಮನಿಗೆ ಒಯ್ದಾರ! ಈಗ ನಿಮ್ಮ ಮಕ್ಕಳಿಗೂ ಇವ್ರ ಕಲಸ್ತಾರ. ಪುಣ್ಯಾ ಮಾಡೀರಿ!"

ಸತ್ಯಪ್ರಕಾಶ ಕುರ್ಚಿಯಿಂದ ಹಾರಿದ. "ಅಯ್ಯೋ, ಅದು ಉತ್ತರ ಪತ್ರಿಕೆ! ಖಾಲಿ ಪುಸ್ತಕ! ಲಿಂಗರಾಜು ಕಣ್ಣಾರೆ ನೋಡಿದಾನೆ, ಕೇಳಿ! ಹೇಳಯ್ಯ!"

ಲಿಂಗರಾಜು ಎದ್ದ. ಹೆಂಡತಿ ಅನುರಾಧಾ ಅವನನ್ನೇ ನೋಡುತ್ತಿದ್ದಳು. ಅವನು ಸುಳ್ಳಾಡುವ ಆಸಾಮಿಯಲ್ಲ.

"ದೇವರಾಣೆ, ನಾನು ನೋಡ್ದಾಗ ಖಾಲಿನೇ ಇತ್ತು," ಎಂದ. "ಆಮೇಲೆ ಇವರು ಒಳಗೆ ಕೂತು ಏನ್ ತುಂಬಿಸಿದ್ರೋ, ನಂಗೊತ್ತಿಲ್ಲ."

"ಮಾಮ್, ಇಟ್ಸ್ ನೋ ಬಿಗ್ ಡೀಲ್," ಎಂದಳು ಅಧ್ಯಕ್ಷರ ಮಗಳು ಅನಘಾ, ಹನ್ನೆರಡು ವರ್ಷದವಳು. "ಆಸ್ಟಿನ್‌ನಲ್ಲಿ ಇಶಾ ಹತ್ರ ಟೆನ್ ಇದೆ. ಬ್ಯಾಕ್‌ಪ್ಯಾಕ್‌ನಲ್ಲೇ ಇಟ್ಕೊಂಡಿರ್ತಾಳೆ."

ಇಶಾ ಎಂದರೆ ಅನಘಾಳ ತಾಯಿ ಕುಮುದಾಳ ತಂಗಿಯ ಮಗಳು, ಅಲ್ಲಿ ಕಾಲೇಜು ಓದುವವಳು. ಕುಮುದಾ ಮಗಳ ಬಾಯಿ ಮುಚ್ಚಿ, ಇನ್ನೊಂದು ಕೈಯಲ್ಲಿ ತಂಗಿಗೆ ಫೋನು ಒತ್ತುತ್ತ ಹೊರಗೆ ಓಡಿದಳು. ಹೋಗುವಾಗ ಬಾಗಿಲ ಮೇಜಿನ ಬಳಿ ಒಂದು ಗಳಿಗೆ ನಿಂತದ್ದು ಕಂಡಿತು. ಅವಳ ಹಿಂದೆ ಅನುರಾಧಾ. ಅವಳ ಹಿಂದೆ ಮೆಕಿನ್ನಿಯ ಇಬ್ಬರು. ತಾಯಂದಿರೆಲ್ಲ ಒಬ್ಬೊಬ್ಬರಾಗಿ ಎದ್ದು, ಪೆನ್ನು ಆಡಿಸಿ, ಮಕ್ಕಳನ್ನು ಕರೆದುಕೊಂಡು ಕಾರು ಹತ್ತಿದರು. ಗಂಡಸರು ಮಾತ್ರ ಯಾಕೋ ತಟ್ಟೆ ತೊಳೆಯುವ ನೆಪದಲ್ಲಿ ಹಿಂದೆ ಉಳಿದರು.

"ನಾಳೆ ಆಫೀಸಲ್ಲಿ ಏನಂತ ಮುಖ ತೋರಿಸ್ಲಿ?" ಎಂದಳು ಗೋದಾವರಿ.

"ಗೋದಾವರಿ ಹಸ್ಬೆಂಡ್" ಆಗಿದ್ದೇ ಎಷ್ಟೋ ಚೆನ್ನಾಗಿತ್ತು ಎಂದುಕೊಳ್ಳುತ್ತ ಸತ್ಯಪ್ರಕಾಶ ಮೇಜಿನ ಹತ್ತಿರ ಹೋದ. ಹನ್ನೆರಡು ಮಕ್ಕಳ ಹೆಸರಿಗೂ ಅಡ್ಡಗೆರೆ. ಒಂದೂ ಉಳಿದಿರಲಿಲ್ಲ. ಆದರೆ ಅದರ ಕೆಳಗೆ, ಶಾಯಿ ಇನ್ನೂ ಆರದ ಹೊಸ ಹೆಸರುಗಳು, ಬೇರೆ ಬೇರೆ ಕೈಬರಹ. ಎಲ್ಲಾ ಅಪ್ಪಂದಿರು. ಮೊದಲನೆಯದು ಅಧ್ಯಕ್ಷ ಚಂದ್ರಮೋಹನರದು. ಕೊನೆಯದು ಲಿಂಗರಾಜುವಿನದು, ಪಕ್ಕದಲ್ಲಿ ಸಣ್ಣಗೆ, 'ಮುಂದಿನ ಬೆಂಚು'.

ಜಯದೇವಿ ಅಳಿಯನ ಭುಜದ ಮೇಲಿಂದ ಇಣುಕಿ, ಬೆರಳಿಟ್ಟು ಒಂದೊಂದೇ ಎಣಿಸಿದಳು. ಎದೆಯ ಮೇಲಿನ 'ಮಾಮ್' ಹೆಮ್ಮೆಯಿಂದ ಉಬ್ಬಿತು.

"ಹತ್ತು ಮಂದಿ ಬೇಕಂದಿದ್ರಲ್ಲ ಅಳಿಯಂದ್ರ? ಹನ್ನೊಂದು ಅದಾವ ನೋಡ್ರಿ! ನಾ ಎರಡ ಮಾತು ಹೇಳಿದ್ದಕ್ಕ ಆತು."